ಶ್ರಾವಣ ಸೋಮವಾರದ ಸೀಡಿ

"ಏ ದೌಲಪ್ಪ, ಶ್ರಾವಣ ಸೋಮಾರ ಇದೇನ್ ಹಚ್ಚೀದ್ಯೋ? ಉಪಾಸ ಇದ್ದೋರು ಟಿವಿಗೆ ಊದಿನಕಡ್ಡಿ ಬೆಳಗಿ ಕುಂತೀವಿ!" ಫೋನಿನಲ್ಲಿ ಮೇಲಿನ ಓಣಿಯ ಸೂಗಮ್ಮನ ದನಿ ಗುಡುಗಿತು. "ಈ ಟಿವಿಯಾಗಿನ ಮಂದಿ ಕಣ್ಣರ ನೋಡು, ಒಡೆದ ತೆಂಗಿನಕಾಯಿ ಹೋಳ ಆಗ್ಯಾವ!"

"ಸೀಡಿ ಅದಲಿಬದಲಿ ಆಗ್ಯಾದ ಅತ್ತಿ. ಈಗ ತೆಗೀತೀನ್ರಿ."

ಕಮಲಾಪುರದ ತನ್ನ ಕೇಬಲ್ ಟಿವಿ ಕೋಣೆಯಲ್ಲಿ ದೌಲಪ್ಪ ಬೆವರಿದ. ಶ್ರಾವಣ ಸೋಮವಾರದ ಮಧ್ಯಾಹ್ನ ಊರಿನ ಮನೆಮನೆಗೂ ಒಂದು ಭಕ್ತಿ ಸಿನಿಮಾ ಬಿಡುವುದು ಅವನ ವಾಡಿಕೆ. ಮುಂಜಾನೆ ಕಲಬುರಗಿಗೆ ಹೋಗಿ ಅಲ್ಲಿನ ರೋಜಾ ಬಡಾವಣೆಯ ಶಬ್ಬೀರನ ಅಂಗಡಿಯಿಂದ ಸೀಡಿ ತಂದಿದ್ದ. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಡಬ್ಬಿಯ ಮೇಲಿನ ಶಿವನನ್ನು ನೋಡಿದ್ದನೇ ಹೊರತು ಒಳಗಿನದನ್ನು ನೋಡಿರಲಿಲ್ಲ. ಈಗ ಪರದೆಯ ಮೇಲೆ ಜಪಾನಿ ಮಾತಾಡುವ ಕಾರ್ಟೂನ್ ಹುಡುಗನೊಬ್ಬ ಕಂದೀಲು ಹಿಡಿದು ಕಲ್ಲಿನ ಕೋಟೆಯೊಳಗೆ ನಡೆಯುತ್ತಿದ್ದ.

ಬೇರೆ ಸೀಡಿ ಹುಡುಕಲು ತಿರುಗಿದರೆ ಮಗಳು ಬಂಡಮ್ಮ ಬಾಗಿಲಲ್ಲಿದ್ದಳು. ಕಲಬುರಗಿಯ ಗಾಜಿಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಒಂಬತ್ತನೆಯ ತರಗತಿ ಓದುವವಳು, ನಾಗರ ಪಂಚಮಿಗೆಂದು ಊರಿಗೆ ಬಂದಿದ್ದಳು.

"ಅಪ್ಪ, ತೆಗೀಬ್ಯಾಡ! ಈಗ ನೆಲ ಕುಸೀತದ, ಎಡಕ್ಕ ಹಾರ್ತಾನ ನೋಡು."

ನೆಲ ಕುಸಿಯಿತು. ಹುಡುಗ ಎಡಕ್ಕೆ ಹಾರಿದ.

"ಎಲ್ಲಿ ನೋಡಿದ್ದಿ ಇದನ್ನ?"

"ನೋಡಿಲ್ಲಪ್ಪ, ಆಡೀನಿ. ಇದು ಕಂಪ್ಯೂಟರ್ ಗೇಮ್. ಅದನ್ನೇ ಕಾರ್ಟೂನ್ ಮಾಡ್ಯಾರ, ನಂಗ ಗೊತ್ತೇ ಇದ್ದಿಲ್ಲ!" ಅವಳ ಮೂಗು ಪರದೆಗೆ ತಾಗುವಂತಿತ್ತು. "ಈಗ ಆ ಮುದುಕಿ ಕೀಲಿಕೈ ಕೊಡ್ತಾಳ."

ಮುದುಕಿ ಕೊಟ್ಟಳು.

ದೌಲಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಇಷ್ಟು ಬಾಯಿಪಾಠವಾಗಬೇಕಾದರೆ ಇದು ಒಂದೆರಡು ದಿನದ ಆಟವಲ್ಲ. ಚಿಕ್ಕಮ್ಮನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಸಾಲಿ ಬಿಟ್ಟ ಮೇಲೆ ಅವಳು ಹೊರಗಿರುವುದು ಗಣಿತದ ಟ್ಯೂಷನ್ನಿನ ಎರಡು ತಾಸು ಮಾತ್ರ.

"ಟ್ಯೂಷನ್ನಿಗೆ ಹೋಗ್ಲಾರ್ದ ಎಷ್ಟು ದಿನ ಆತು?"

ಬಂಡಮ್ಮ ಪರದೆಯತ್ತಲೇ ನೋಡುತ್ತಿದ್ದಳು. ತಿರುಗಲಿಲ್ಲ.

"ಕಾರಹುಣ್ಣಿವಿ ಆದಾಗಿಂದ, ಎರಡು ತಿಂಗ್ಳಾಗ್ಲಿಕ್ ಬಂತು. ಸೈಬರ್ ಕೆಫೆಗೆ ಹೋಗ್ತಿದ್ದೆ."

ಅವನ ಕೈ ಮೇಲೆದ್ದಿತು. ಎಲ್ಲಿಗೆಂದು ಅವನಿಗೂ ತಿಳಿಯಲಿಲ್ಲ. ಕೊನೆಗೆ ಪ್ಲೇಯರ್ ನಿಲ್ಲಿಸುವ ಗುಂಡಿಯ ಮೇಲೆ ಹೋಗಿ, ಒತ್ತದೆ ನಿಂತಿತು. ಪರದೆಯ ಹುಡುಗ ಮುರುಕು ಸೇತುವೆಯೊಂದರ ಮುಂದೆ ಬಂದಿದ್ದ. ಕೆಳಗೆ ಬರೀ ಕತ್ತಲು.

"ಮುಂದ?" ದನಿ ಗಡುಸಾಗಿಯೇ ಇತ್ತು.

"ಗೊತ್ತಿಲ್ಲಪ್ಪ. ಪ್ರತಿ ಸರ್ತಿ ಇಲ್ಲೇ ಸಾಯ್ತೀನಿ ನಾ."

ಫೋನು ಹೊಡೆದುಕೊಳ್ಳತೊಡಗಿತು. ಇಬ್ಬರೂ ಎತ್ತಲಿಲ್ಲ. ಹುಡುಗ ಕಂದೀಲು ಕೆಳಗಿಟ್ಟು, ಕಾಲ್ಮರಿ ಕಳಚಿ, ಬರಿಗಾಲನ್ನು ಮೊದಲ ಹಲಗೆಯ ಮೇಲೆ ಮೆಲ್ಲಗೆ ಊರಿದ.