ಬಾಲವಿಲ್ಲದ ದೀಪ

ಹನ್ನೊಂದು ವರ್ಷ ಪ್ರಯಾಣಿಕರ ದೋಣಿಯಲ್ಲಿ ಹಗ್ಗ ಎಸೆದು, ಕಟ್ಟಿ, ಬಿಚ್ಚಿ ಅವಳಿಗೆ ಹಗ್ಗದಕ್ಕ ಎಂದೇ ಹೆಸರು ಬಿದ್ದಿತ್ತು. ಅವಳಿಗೋ ಚುಕ್ಕಾಣಿ ಹಿಡಿಯುವ ಆಸೆ. ಅದಕ್ಕೆ ದೀಪದ ಪರೀಕ್ಷೆ ಪಾಸಾಗಬೇಕು. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೆಯದೂ ಕೈಕೊಟ್ಟರೆ ಮುಗಿಯಿತು, ಜೀವನಪೂರ್ತಿ ಹಗ್ಗವೇ ಗತಿ.

ಪರೀಕ್ಷೆಯೇನು ಮಹಾ! ಕತ್ತಲೆ ಕೋಣೆಯಲ್ಲಿ ಪರೀಕ್ಷಕರು ಗುಂಡಿ ಒತ್ತಿ ಬಲ್ಬು ಮಿನುಗಿಸುತ್ತಾರೆ. ನೀರಲ್ಲಿ ತೇಲುತ್ತ ದೋಣಿಗೆ ದಾರಿ ತೋರುವ ಯಾವ ಬೋಯಾದ ದೀಪ ಹಾಗೆ ಮಿನುಗುತ್ತದೆ, ಅದನ್ನು ಯಾವ ಕಡೆಯಿಂದ ದಾಟಬೇಕು ಎಂದು ಹೇಳಬೇಕು. ಮೂರು ಮಿನುಗಿದರೆ ಪೂರ್ವದಿಂದ, ಒಂಬತ್ತಾದರೆ ಪಶ್ಚಿಮದಿಂದ. ಆರು ಮಿನುಗಿ ಕೊನೆಗೊಂದು ಉದ್ದ ಬೆಳಕು ಬಂದರೆ ದಕ್ಷಿಣದಿಂದ. ಎರಡು ಸಲವೂ ಹಗ್ಗದಕ್ಕ ಲೆಕ್ಕ ತಪ್ಪಿ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿ ಕೆಟ್ಟಿದ್ದಳು.

ಈ ಸಲ ಅತ್ತೆಯೇ ಪಟ್ಟು ಹಿಡಿದಳು. ತಿಂಗಳುಗಟ್ಟಲೆ ಉಗ್ರಾಣದ ಬಾಗಿಲು ಮುಚ್ಚಿ ಸೊಸೆಯ ಮೂತಿಗೆ ಟಾರ್ಚು ಬಿಟ್ಟಳು.

“ಬಾಲ ನೋಡೇ! ಆರಾದ್ಮೇಲೆ ಉದ್ದದ್ದು ಬಂದ್ರೆ ಮುಗೀತು. ಬರ್ಲಿಲ್ವಾ, ಇನ್ನೂ ಮೂರು ಬಾಕಿ ಇದೆ ಅಂತ. ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನು. ಸುಮ್ನೆ ಏನೇನೋ ಒದರ್ಬೇಡ ನಮ್ಮಮ್ಮ!”

ಪರೀಕ್ಷೆಯ ದಿನ ಮೊದಲ ನಾಲ್ಕು ದೀಪ ನೀರು ಕುಡಿದಷ್ಟು ಸಲೀಸಾಗಿ ಹೋದವು. ಐದನೆಯದು ಟಕಟಕನೆ ಆರು ಸಲ ಮಿನುಗಿತು. ಹಗ್ಗದಕ್ಕ ಉಸಿರು ಬಿಗಿಹಿಡಿದು ಕಾದಳು. ಬಾಲವೂ ಬರಲಿಲ್ಲ, ಇನ್ನು ಮೂರೂ ಬರಲಿಲ್ಲ.

“ಇನ್ನೊಂದ್ಸಲ ತೋರಿಸ್ತೀರಾ ಸಾರ್?”

ಮತ್ತೆ ಆರು, ಮತ್ತೆ ಕತ್ತಲೆ.

“ಬೇಗ ಹೇಳಮ್ಮ,” ಎಂದರು ಪರೀಕ್ಷಕರು.

ದಕ್ಷಿಣ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ಪಾಸಾಗಲೂಬಹುದು, ಆರರ ಲೆಕ್ಕಕ್ಕೆ ಹತ್ತಿರದ್ದು ಅದೊಂದೇ. ಆದರೆ ಕಂಡದ್ದು ಅದಲ್ಲವಲ್ಲ!

“ಆರು ಕಂಡೆ ಸಾರ್. ಉದ್ದದ್ದು ಬರ್ಲಿಲ್ಲ. ಇದು ಯಾವ್ದು ಅಂತ ನಂಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ನೀರಿನ ಮಧ್ಯೆ ಏನ್ ಮಾಡ್ತೀಯಮ್ಮ?”

“ದೋಣಿ ನಿಲ್ಲಿಸ್ತೀನಿ. ಒಳಗೆ ನಲವತ್ತು ಜನ ಇರ್ತಾರೆ ಸಾರ್. ನಕ್ಷೆ ನೋಡಿ ಖಾತ್ರಿ ಆಗೋವರೆಗೂ ಒಂದಡಿ ಮುಂದೆ ಹೋಗಲ್ಲ. ಬೇಕಾದ್ರೆ ಫೇಲ್ ಮಾಡಿ.”

ಪರೀಕ್ಷಕರು ಎದ್ದು ಕಿಟಕಿಯ ಪರದೆ ಸರಿಸಿದರು. ಗುಂಡಿಯನ್ನೊಮ್ಮೆ, ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿದರು.

“ಅಯ್ಯೋ ನನ್ನ ಬುದ್ಧಿಗಿಷ್ಟು! ಒತ್ತಿ ಒತ್ತಿ ಬೇಜಾರಾಗಿ ಆ ಉದ್ದದ್ದು ಹಾಕೋದನ್ನೇ ಬಿಟ್ಟಿದ್ದೆ. ಎಷ್ಟು ವರ್ಷ ಆಯ್ತೋ! ಬಂದವರೆಲ್ಲ ದಕ್ಷಿಣ ಅಂದ್ರು, ನಾನೂ ಪಾಸ್ ಮಾಡ್ತಾ ಹೋದೆ.”

ಹಗ್ಗದಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಅವಳ ಹಾಳೆಯ ಮೇಲೆ ಠಪ್ಪೆಂದು ಮುದ್ರೆ ಒತ್ತಿದರು.

“ನನ್ನ ಹೆಂಡ್ತಿ ದಿನಾ ದೋಣೀಲೇ ಆಚೆ ದಡಕ್ಕೆ ಹೋಗೋದು. ನಿಮ್ಮ ಸರದಿ ಎಷ್ಟು ಗಂಟೆಗೆ ಅಂತ ಹೇಳಿ ತಾಯಿ, ಅದ್ರಲ್ಲೇ ಕಳಿಸ್ತೀನಿ.”