ಮೇಲ್ಗಡೆ ಯಾವುದು

"ಹೀಗಾ ಅಕ್ಕಾ?"

ಚಿತ್ರಕಾರ ಕೇಳಿದ. ಮಂಚದಲ್ಲಿ ದಿಂಬಿಗೊರಗಿದ್ದ ಅಕ್ಕ ಅಲ್ಲವೆಂದಳು. ಎದುರಿಗೆ ಚೌಕಟ್ಟಿನ ಅಂಗಡಿಯವನು ಬೆಟ್ಟದಷ್ಟು ಭಾರದ ಚೌಕ ಚಿತ್ರವನ್ನು ಎದೆಗವಚಿಕೊಂಡು ನಿಂತಿದ್ದ.

ಇಂಥ ಚಿತ್ರಕಾರ ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಅವನ ಚಿತ್ರಗಳಲ್ಲಿ ಮರವಿಲ್ಲ, ಮನುಷ್ಯರಿಲ್ಲ, ಬರೀ ಬಣ್ಣ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಸುತ್ತಲೂ ನಡೆಯುತ್ತ ಬಳಿಯುತ್ತಿದ್ದ. ಅಷ್ಟು ನಡಿಗೆಯನ್ನು ನೆಟ್ಟಗೆ ನಡೆದಿದ್ದರೆ ಚಂದ್ರನನ್ನು ಮುಟ್ಟಿ ಊಟದ ಹೊತ್ತಿಗೆ ವಾಪಸಾಗಬಹುದಿತ್ತು. ಮುಗಿದ ಮೇಲೆ ಯಾವ ಅಂಚು ಮೇಲ್ಗಡೆ ಎಂಬುದು ಮಾತ್ರ ಅವನಿಗೇ ತಿಳಿಯುತ್ತಿರಲಿಲ್ಲ. ಅದನ್ನು ಹೇಳುತ್ತಿದ್ದವಳು ಬಟ್ಟೆ ಹೊಲಿಯುವ ಅಕ್ಕ. ಒಂದು ಗಜ ಬಟ್ಟೆ ಕೊಟ್ಟರೆ ಇಡೀ ಬೀದಿಗೆ ಅಂಗಿ ಹೊಲಿದು, ಮಿಕ್ಕಿದ್ದರಲ್ಲಿ ಪರದೆ ಮಾಡುವವಳು. ಹೊಲಿಗೆ ಯಂತ್ರ ಬಿಟ್ಟೆದ್ದು ಬಂದು, ಚಿತ್ರವನ್ನು ಎರಡು ಸಲ ತಿರುಗಿಸಿ, "ಇದು ತಲೆ, ಇದು ಕಾಲು. ಇಷ್ಟೂ ಗೊತ್ತಾಗಲ್ವೇನೋ ಕತ್ತೆ?" ಎನ್ನುತ್ತಿದ್ದಳು. ಅಲ್ಲಿಗೆ ಚಿತ್ರ ಮುಗಿಯಿತು ಎಂದರ್ಥ.

ಲಕ್ವ ಹೊಡೆದ ಮೇಲೆ ಅಕ್ಕ ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. "ನಂಗೇನು ತಿಳಿಯುತ್ತೆ ಇನ್ನು" ಎಂದು ಕಣ್ಣು ಮುಚ್ಚಿಬಿಡುತ್ತಿದ್ದಳು. ಅಂದಿನಿಂದ ಒಂದು ಚಿತ್ರವೂ ಮುಗಿದಿರಲಿಲ್ಲ. ಇವತ್ತು ಸಂಜೆಯ ಗಾಡಿಗೆ ಇದು ಪ್ರದರ್ಶನಕ್ಕೆ ಹೋಗಬೇಕು. ಚಿತ್ರಕಾರ ಅದನ್ನು ಅಕ್ಕನ ಕೋಣೆಗೇ ಹೊರಿಸಿಕೊಂಡು ಬಂದಿದ್ದ.

"ಯಾವುದೋ ಒಂದು ಕಡೆ ನೇತುಹಾಕೋ ಕೊಕ್ಕೆ ಹೊಡೆಯೋಣ ಅಣ್ಣಾ, ಯಾರಿಗೆ ಗೊತ್ತಾಗುತ್ತೆ?" ಎಂದ ಚೌಕಟ್ಟಿನವನು.

"ನಂಗೆ ಗೊತ್ತಾಗುತ್ತೆ. ತಿರುಗಿಸು."

ತಿರುಗಿಸಿದ. ಅಲ್ಲ. ಮತ್ತೆ ತಿರುಗಿಸಿದ. ಅದೂ ಅಲ್ಲ. ಇನ್ನೊಮ್ಮೆ. ಊಹೂಂ.

"ಇರೋದೇ ನಾಲ್ಕು ಅಂಚು ಅಕ್ಕಾ, ಐದನೇದು ಎಲ್ಲಿಂದ ತರ್ಲಿ?" ಎಂದ ಚಿತ್ರಕಾರ.

ಅಕ್ಕ ನಗಲಿಲ್ಲ. "ಎಲ್ಲಾ ಸೊಟ್ಟ ಕಾಣ್ಸುತ್ತೆ ಕಣೋ. ನನ್ನ ಬಿಟ್ಟುಬಿಡು. ಬೇರೆ ಯಾರನ್ನಾದ್ರೂ ಕೇಳು."

ಚಿತ್ರಕಾರ ಮಂಚ ಹತ್ತಿದ. ಅವಳ ಕತ್ತು ಎತ್ತ ವಾಲಿತ್ತೋ ಅತ್ತಲೇ ತನ್ನದನ್ನೂ ವಾಲಿಸಿ, ಅದೇ ದಿಂಬಿಗೆ ತಲೆಯಿಟ್ಟ. ಸ್ವಲ್ಪ ಹೊತ್ತು ನೋಡಿದ.

"ಓರೆ ಮಾಡಪ್ಪ," ಎಂದ ಚೌಕಟ್ಟಿನವನಿಗೆ. " ಇನ್ನೂ ಸ್ವಲ್ಪ."

ಚಿತ್ರ ಒಂದು ಮೂಲೆಯ ಮೇಲೆ ನಿಂತಿತು.

"ಹಾಂ," ಎಂದಳು ಅಕ್ಕ. ಎಡಗೈ ಎತ್ತಿ ತೋರಿಸಿದಳು. "ಅಲ್ಲಿ, ಆ ನೀಲಿ ಮೂಲೆ. ಅದೇ ಮೇಲ್ಗಡೆ." ಕೈ ಇಳಿಸಿ, "ನಿನ್ನ ಕೂದಲೆಲ್ಲಾ ಬಣ್ಣ, ದಿಂಬಿಗೆ ಮೆತ್ತಬೇಡ ಮಾರಾಯ," ಎಂದಳು.

"ಮೂಲೆಗೆ ಕೊಕ್ಕೆ ಹೊಡೆದ್ರೆ ಜನ ನನ್ನ ಕೆಲಸ ನೋಡಿ ನಗ್ತಾರೆ!" ಚಿತ್ರದ ಹಿಂದಿನಿಂದ ಚೌಕಟ್ಟಿನವನು ಕೂಗಿದ. "ಕೈ ಬಿದ್ದೋಗ್ತಿದೆ ಅಣ್ಣಾ, ಇಳಿಸ್ಲಾ?"

"ಇರು," ಎಂದರು ಇಬ್ಬರೂ, ದಿಂಬಿನಿಂದ ತಲೆ ಎತ್ತದೆ.