ಬಿಳಿ ಗೆರೆಯ ಮೇಲೆ

ಉಳವಿ ಜಾತ್ರೆಗೆ ನಡೆದು ಹೋಗುವ ನಮ್ಮ ತಂಡಕ್ಕೆ ನಾನು ಮಾಡಿದ್ದ ಕಟ್ಟಳೆ ಮೂರೇ. ಸಾಲು ಬಿಡಬಾರದು. ರಸ್ತೆಯ ಬಲಗಡೆ, ಎದುರಿಂದ ಬರುವ ಗಾಡಿ ಕಣ್ಣಿಗೆ ಕಾಣುವಂತೆ ನಡೆಯಬೇಕು. ಎಲ್ಲರಿಗಿಂತ ಹಿಂದೆ ಒಬ್ಬ ಕೆಂಪು ಬಾವುಟ ಹಿಡಿದು ಬರಬೇಕು. ಆ ಒಬ್ಬ ನಾನೇ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು, ಹಿಂದಿನಿಂದ ಬರುವ ಗಾಡಿಯ ಹಣೆಬರಹ ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು? ಹಳಿಯಾಳ ಕಡೆಯ ನಮ್ಮೂರಿನ ಹತ್ತೊಂಬತ್ತು ಜನ ನನಗೆ ಪೊಲೀಸ್ ಸಿದ್ದಲಿಂಗ ಅಂತ ಹೆಸರಿಟ್ಟಿದ್ದರು. ಹೆಸರಿಟ್ಟರೆ ಇಡಲಿ, ಜೀವಂತ ಇದ್ದಾರಲ್ಲ ಅಂದುಕೊಂಡು ಸುಮ್ಮನಿರುತ್ತಿದ್ದೆ.

ಇಪ್ಪತ್ತು ಮಂದಿಯಲ್ಲಿ ನನ್ನ ಮಾತು ಕೇಳದವಳು ಒಬ್ಬಳೇ. ನನ್ನ ಹೆಂಡತಿ ಶಿವವ್ವ.

ಐದು ವರ್ಷದ ಹಿಂದೆ ರಾಮನಗರದ ಹತ್ತಿರ ನನ್ನ ಲಾರಿ ಪಲ್ಟಿಯಾಗಿ ತೊಡೆ ಮುರಿದಿತ್ತು. ಇನ್ನು ಎದ್ದು ನಡೆಯುವುದು ಅನುಮಾನ ಅಂದಿದ್ದರು ಡಾಕ್ಟರು. ಇವಳು ಉಳವಿಗೆ ಹರಕೆ ಹೊತ್ತಳು: ಗಂಡ ನಡೆದರೆ ಏಳು ವರ್ಷ ಬರಿಗಾಲಲ್ಲಿ ಬರುತ್ತೇನೆ. ನಾನು ನಡೆದೆ, ಕುಂಟುತ್ತಲಾದರೂ ನಡೆದೆ. ಇದು ಅವಳ ಐದನೆಯ ವರ್ಷ.

ಬರಿಗಾಲಿನವರ ಕಷ್ಟ ಚಪ್ಪಲಿ ಹಾಕಿದವರಿಗೆ ತಿಳಿಯುವುದಿಲ್ಲ. ಹತ್ತು ಗಂಟೆ ದಾಟಿದರೆ ಡಾಂಬರು ಸುಡುತ್ತದೆ, ರಸ್ತೆಯ ಬದಿಗೆ ಇಳಿದರೆ ಬರೀ ಚೂಪು ಖಡಿಕಲ್ಲು. ಉಳಿದದ್ದು ಅಂಚಿನ ಬಿಳಿ ಗೆರೆ. ಶಿವವ್ವ ಅದರ ಮೇಲೆಯೇ ನಡೆಯುತ್ತಿದ್ದಳು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ.

"ಕೆಳಗ ಇಳೀ" ಅಂತ ನಾನು ದಿನಕ್ಕೆ ನೂರು ಸಲ ಒದರುತ್ತಿದ್ದೆ. "ಆ ಗೆರಿ ನಿಮ್ಮಪ್ಪ ಹಾಸಿಟ್ಟಾನೇನು? ಗಾಡಿ ಗಾಲಿನೂ ಅಲ್ಲೇ ಬರ್ತೈತಿ."

"ಅದೊಂದ ತಂಪ ಐತ್ರಿ" ಅನ್ನುವಳು. ಅಷ್ಟೇ ಉತ್ತರ.

ಈ ವರ್ಷ ಅವಳಿಗೆ ಗೊತ್ತಾಗದಂತೆ ಹಳಿಯಾಳದಲ್ಲಿ ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಂಡು ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ. ಗಣೇಶಗುಡಿ ದಾಟಿ ಜೋಯಿಡಾ ದಾರಿಯಲ್ಲಿ ಮಾಗ್ದಲೀನಾ ಅನ್ನುವ ಸಿದ್ದಿ ಹೆಣ್ಣುಮಗಳ ಮನೆ ಸಿಗುತ್ತದೆ. ಪ್ರತಿವರ್ಷ ಯಾತ್ರೆಯವರಿಗೆ ಕೊಡ ತುಂಬ ನೀರು ಇಟ್ಟುಕೊಂಡು ರಸ್ತೆಗೇ ಬಂದು ನಿಂತಿರುತ್ತಾಳೆ. ಅವಳ ಅಂಗಳದಲ್ಲಿ ಎಲ್ಲರೂ ಕೂತಾಗ ಶಿವವ್ವನ ಅಂಗಾಲು ನೋಡಿದೆ. ಬೊಬ್ಬೆ ಒಡೆದು ಕೆಂಪಗಾಗಿತ್ತು. ಚಪ್ಪಲಿ ತೆಗೆದು ಅವಳ ಕಾಲ ಬಳಿ ಇಟ್ಟೆ.

"ಹಾಕ್ಕೋ. ದೇವರಿಗೆ ನಾ ಹೇಳ್ತೇನಿ."

ಅವಳು ಅವನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟಳು. "ದೇವರಿಗೂ ಪೊಲೀಸಗಿರಿ ಮಾಡಾಕ ಹೋಗಬ್ಯಾಡ್ರಿ" ಅಂದಳು. ಹೆಂಗಸರೆಲ್ಲ ನಕ್ಕರು.

ನಗುವ ಮಾತೇ. ಆದರೆ ನನ್ನ ಮೈ ಉರಿದುಹೋಯಿತು. "ಸಾಯಿ ಹಂಗಾರ" ಅಂದೆ. ಹೌದು, ಅದೇ ಮಾತು ಅಂದೆ. ಚಪ್ಪಲಿ ಅಲ್ಲೇ ಬಿಟ್ಟು, ಬಾವುಟ ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗಿಂತ ಮುಂದೆ ಹೊರಟುಬಿಟ್ಟೆ. ಬಾವುಟ ಸಾಲಿನ ಹಿಂದಿರಬೇಕು ಅಂದವನು ನಾನೇ. ಐದು ವರ್ಷದಲ್ಲಿ ಮೊದಲ ಸಲ ಅದು ಮುಂದಾಯಿತು. ಉಳಿದವರು ನಗುತ್ತ ನನ್ನ ಬೆನ್ನು ಹತ್ತಿದರು. ಕಾಲು ನೋಯುತ್ತಿದ್ದುದರಿಂದ ಶಿವವ್ವ ನಿಧಾನವಾಗಿ ಕೊನೆಗೆ ಉಳಿದಳು.

ಅಲ್ಲಿಂದ ಮುಂದೆ ರಸ್ತೆಯ ಬಲಗಡೆ ಗೆರೆ ಅಳಿಸಿಹೋಗಿತ್ತು. ಗಾಡಿ ಬೆನ್ನ ಹಿಂದಿನಿಂದ ಬರುವ ಎಡಗಡೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರು. ನಾನು ಅದನ್ನು ನೋಡಿದೆ. ಇವಳು ಅತ್ತ ಹೋಗುತ್ತಾಳೆ ಅಂತಲೂ ಅನ್ನಿಸಿತು. ಆದರೂ ತಿರುಗಿ ನೋಡಲಿಲ್ಲ. ಅವಳೇ ಕೂಗಿ ಕರೆಯಲಿ ಅನ್ನುವ ಹಟ.

ಹಾರ್ನ್ ಕೇಳಿದರೆ ಡ್ರೈವರನ ಕಾಲು ಎಲ್ಲಿದೆ ಅಂತ ನಾನು ಹೇಳಬಲ್ಲೆ. ತುಂಡು ತುಂಡಾಗಿ ಹೊಡೆದರೆ ಕಾಲು ಬ್ರೇಕಿನ ಮೇಲಿದೆ. ಒಂದೇ ಸಮ ಉದ್ದಕ್ಕೆ ಹೊಡೆದರೆ ಎಕ್ಸಲೇಟರಿನಿಂದ ಎದ್ದೇ ಇಲ್ಲ. ಬೆನ್ನ ಹಿಂದೆ, ತಿರುವಿನ ಆಚೆಯಿಂದ ಕೇಳಿಸಿದ್ದು ಉದ್ದನೆಯದು. ಆಮೇಲೆ ಕೇಳಿಸಿದ್ದನ್ನು ಬರೆಯುವುದು ನನ್ನಿಂದಾಗದು.

ಕುಂಟುಕಾಲು ಎಳೆದುಕೊಂಡು ನಾನು ಮುಟ್ಟುವ ಹೊತ್ತಿಗೆ ಮಾಗ್ದಲೀನಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಶಿವವ್ವ ಕಣ್ಣು ತೆರೆದಿದ್ದಳು, ನನ್ನನ್ನು ನೋಡಲಿಲ್ಲ. "ಜೀವ ಹೋತಣ್ಣಾ" ಅಂದಳು ಮಾಗ್ದಲೀನಾ. ಸ್ವಲ್ಪ ದೂರದಲ್ಲಿ ಯಾವುದೋ ಹೋಂಸ್ಟೇಯ ಜೀಪು ಅಡ್ಡ ನಿಂತಿತ್ತು. ಒಳಗಿದ್ದ ಪ್ರವಾಸಿಗರು ಅಳುತ್ತಿದ್ದರು. ಡ್ರೈವರ್ ಉದಯಕುಮಾರ ಗಣೇಶಗುಡಿಯವನು, ಇಪ್ಪತ್ತೈದರ ಒಳಗಿನವನು. ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ಹಾರ್ನ್ ಹೊಡದೇನ್ರೀ" ಅಂದ. "ಸರೀತಾರ ಅಂತ ತಿಳದೆ."

ಅವನ ಕೊರಳಪಟ್ಟಿ ಹಿಡಿದಿದ್ದೆ. ಕೈ ತಾನಾಗಿ ಸಡಿಲಾಯಿತು. ಇಪ್ಪತ್ತೆಂಟು ವರ್ಷ ನಾನೂ ಹಾಗೇ ಓಡಿಸಿದ್ದೆ. ಹಾರ್ನ್ ಹೊಡೆದರೆ ನನ್ನ ಕೆಲಸ ಮುಗಿಯಿತು, ಸರಿಯುವುದು ನಡೆಯುವವರ ಕೆಲಸ. ಅವರು ಸರಿದಿದ್ದರು. ಖಡಿಯಲ್ಲಿ ಬಿದ್ದು ಎದ್ದು ಸರಿದಿದ್ದರು. ಅದಕ್ಕೇ ಜೈಲು ನೋಡದೆ ಮುದುಕನಾದೆ.

ಆಂಬುಲೆನ್ಸ್ ಬಂದು ಅವಳನ್ನು ಜೋಯಿಡಾಕ್ಕೆ ಒಯ್ಯಿತು. ಹಿಂದೆ ಹೋಗಲು ನಾನು ಕಾಲೆತ್ತಿದಾಗ ಠಾಣೆಯಿಂದ ಬಂದಿದ್ದ ಹವಾಲ್ದಾರರು ತಡೆದು, ಎರಡು ಮಾತು ಹೇಳಿ ಹೋಗಿ ಅಂದರು. ನನ್ನ ಬಗಲಲ್ಲಿದ್ದ ಬಾವುಟ ಅವರ ಕಣ್ಣಿಗೆ ಬಿತ್ತು.

"ಬಾವುಟ ಹಿಂದ ಇತ್ತೇನು?"

"ಇದ್ದಿಲ್ರೀ ಸಾಹೇಬ್ರ" ಅಂತ ಉದಯಕುಮಾರ ನಡುವೆ ಬಾಯಿ ಹಾಕಿದ. "ಯಾರೂ ಇದ್ದಿಲ್ಲ. ತಿರುವು ದಾಟಿದ ಕೂಡಲೇ ಅಜ್ಜಿ ಒಬ್ಬಾಕೀನ..."

"ಸುಳ್ಳಾಡಬ್ಯಾಡಲೇ" ಅಂತ ನಮ್ಮ ತಂಡದ ದುರ್ಗಪ್ಪ ಎಗರಿದ. "ಸಿದ್ದಲಿಂಗಣ್ಣ ಐದು ವರ್ಷದಿಂದ ಹಿಂದ ಬರ್ತಾನ್ರಿ. ಇವತ್ತೂ ಹಿಂದ ಇದ್ದ. ಬರಕೊಳ್ರಿ." ಉಳಿದವರೂ ಹೌದು ಹೌದು ಅಂದರು. ಎಲ್ಲರಿಗೂ ನಿಜ ಗೊತ್ತಿತ್ತು. ನನ್ನನ್ನು ಉಳಿಸುತ್ತಿದ್ದರು.

ಮಾಗ್ದಲೀನಾ ರಸ್ತೆಯಿಂದ ಎದ್ದಳು. ಸೀರೆಯ ತುಂಬ ರಕ್ತ. ಅಂಗಳಕ್ಕೆ ಹೋಗಿ ಆ ಚಪ್ಪಲಿ ತಂದು ನನ್ನ ಕೈಗೆ ಕೊಟ್ಟಳು. ಅದರ ತಳಕ್ಕೆ ಇನ್ನೂ ಧೂಳು ತಾಗಿರಲಿಲ್ಲ.

ಹೂಂ ಅಂದುಬಿಟ್ಟರೆ ಆಯಿತು. ತಪ್ಪೆಲ್ಲ ಹುಡುಗನದು, ನಾನು ಹೆಂಡತಿ ಕಳಕೊಂಡ ಪಾಪದ ಮನುಷ್ಯ. ಊರೂ ಹಾಗೇ ನಂಬುತ್ತದೆ.

"ಬಾವುಟ ನನ್ನ ಕೈಯಾಗ ಇತ್ರಿ" ಅಂದೆ. "ನಾ ಮುಂದ ಇದ್ದೆ. ಆಕೀನ್ನ ಬೈದು, ಬಿಟ್ಟು ಹೋಗಿದ್ದೆ. ಹುಡುಗ ಖರೇ ಹೇಳಾಕತ್ತಾನ. ಆದ್ರ ಅಂವ ತಿರುವಿನ್ಯಾಗ ಎಕ್ಸಲೇಟರ್ ಮ್ಯಾಲಿನ ಕಾಲು ತಗೀಲಿಲ್ಲ. ಅದನ್ನೂ ಬರಕೊಳ್ರಿ. ಎರಡೂ ಬರಕೊಳ್ರಿ."

ಹುಡುಗ ಮುಖ ಮುಚ್ಚಿಕೊಂಡು ಅಳತೊಡಗಿದ. ದುರ್ಗಪ್ಪ ನನ್ನ ಮುಖ ನೋಡದೆ ಆಚೆ ತಿರುಗಿ ನಿಂತ.

ಹವಾಲ್ದಾರರು ಬರೆದು ಮುಗಿಸುವವರೆಗೆ ನಾನು ಅವಳು ಬಿದ್ದ ಜಾಗದಲ್ಲೇ ನಿಂತಿದ್ದೆ. ನೆತ್ತಿಯ ಮೇಲೆ ಬಿಸಿಲು. ಏನನ್ನಿಸಿತೋ, ನನ್ನ ಚಪ್ಪಲಿ ಬಿಟ್ಟೆ. ಡಾಂಬರು ಕಾವಲಿಯಂತೆ ಸುಟ್ಟಿತು. ಬದಿಗೆ ಇಳಿದೆ, ಖಡಿ ಚುಚ್ಚಿತು. ಆಮೇಲೆ ಬಿಳಿ ಗೆರೆಯ ಮೇಲೆ ಕಾಲಿಟ್ಟೆ.

ತಂಪಾಗಿತ್ತು. ಐದು ವರ್ಷ ಬೈದಿದ್ದೆ, ಒಂದು ಸಲವೂ ಕಾಲಿಟ್ಟು ನೋಡಿರಲಿಲ್ಲ.